ಕೊಸರು ಉಳಿಯಲಿ, ಸಂತೆ ಬೆಳೆಯಲಿ

ಕೃಷ್ಣಾನದಿಯ ದಂಡೆಯಲ್ಲಿರುವ ಅಥಣಿ ತಾಲೂಕಿನ ಸತ್ತಿ ಹಾಗೂ ಸುತ್ತಲಿನ ಹಳ್ಳಿಗಳ ಒಕ್ಕಲು ಮನೆತನಗಳಿಗೆ ಸಂತೆಯ ದಿನವೆಂದರೆ ವಾರದ ಹಬ್ಬವಿದ್ದಂತೆ. ನಸುಕಿನಲ್ಲಿಯೇ ಹೊಲಕ್ಕೆ ಹೋಗಿ ಮೆಂತೆ, ರಾಜಗಿರಿ, ಪುಂಡಿಪಲ್ಯಗಳನ್ನು ಕಿತ್ತು ಸೂಡು ಕಟ್ಟಿ, ಜವಾರಿ ಬದನೆಕಾಯಿ, ಹಸಿಮೆಣಸಿನಕಾಯಿಗಳನ್ನು ಬುಟ್ಟಿಗೆ ತುಂಬಿ, ಹೊತ್ತೇರುವುದರೊಳಗಾಗಿ ಸಂತೆಯಲ್ಲಿ ತಟ್ಟು ಹಾಸಿ ಕುಳಿತುಕೊಳ್ಳುವ ತಾಯಂದಿರನ್ನು ನಾವು ಬಾಲ್ಯದಿಂದಲೂ ಕಂಡಿದ್ದೇವೆ.

ತಕ್ಕಡಿಯ ಮುಳ್ಳು ನೆಟ್ಟಗಾದ ಮೇಲೆಯೂ ಅವರ ಕೈ ನಿಲ್ಲುವುದಿಲ್ಲ. “ಯಕ್ಕಾ, ಕೊಸರು ಹಾಕಬೇ” ಎಂದು ಕೊಳ್ಳುವವರು ಕೇಳುತ್ತಾರೆ; ಒಂದು ಹಿಡಿ ಸೊಪ್ಪು ಚೀಲಕ್ಕೆ ಬೀಳುತ್ತದೆ. ಈ ಕೊಸರಿಗೆ ಬೆಲೆಯಿಲ್ಲ, ಲೆಕ್ಕವೂ ಇಲ್ಲ. ಆದರೆ ಮುಂದಿನ ವಾರವೂ ಅದೇ ತಟ್ಟಿನ ಮುಂದೆ ನಮ್ಮನ್ನು ನಿಲ್ಲಿಸುವ ಬಾಂಧವ್ಯ ಅದರಲ್ಲಿಯೇ ಅಡಗಿದೆ.

ನಮ್ಮ ಸಮಾಜದ ಆಗುಹೋಗುಗಳಿಗೆಲ್ಲ ಸಂತೆಯೇ ಅಂಗಳ. ಕೊಟ್ಟ ಮನೆಯಿಂದ ಬಂದ ಮಗಳಿಗೆ ತವರಿನ ಸುದ್ದಿ ಇಲ್ಲಿ ದೊರೆಯುತ್ತದೆ. ಕನ್ಯೆ-ವರಗಳ ಮಾತು ಎಷ್ಟೋ ಸಲ ಇಲ್ಲಿಯ ಚಹಾದಂಗಡಿಯ ಕಟ್ಟೆಯ ಮೇಲೆಯೇ ಮೊದಲಾಗುತ್ತದೆ. ಜಾತ್ರೆಯ ಪಟ್ಟಿ, ಪುರಾಣ ಪ್ರವಚನದ ಆಮಂತ್ರಣ, ಮಠದ ದಾಸೋಹಕ್ಕೆ ಕಾಳುಕಡಿ ಕೂಡಿಸುವ ವಿಚಾರಗಳೆಲ್ಲ ಇಲ್ಲಿಂದಲೇ ಮನೆಮನೆಗೆ ಮುಟ್ಟುತ್ತವೆ. ಕಾರಹುಣ್ಣಿಮೆ ಸಮೀಪಿಸಿದಾಗ ಎತ್ತುಗಳ ಗೊಂಡೆ, ಹಣೆಪಟ್ಟಿ, ಬಾರುಕೋಲುಗಳ ಸಾಲು; ಪಂಚಮಿಗೆ ಉಂಡಿಯ ಸಾಮಾನು, ಜೋಕಾಲಿಯ ಹಗ್ಗ. ಪಂಚಾಂಗ ನೋಡದವರಿಗೂ ಸಂತೆ ಹಬ್ಬವನ್ನು ತಿಳಿಸಿಕೊಡುತ್ತದೆ. ಮಾಘ ಮಾಸದಲ್ಲಿ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಭಕ್ತಿಯೂ ವ್ಯಾಪಾರವೂ ಅಲ್ಲಿ ಒಂದೇ ಬಯಲಿನಲ್ಲಿ ಕೂಡುತ್ತವೆ.

ಇದು ಇಂದಿನ ರೂಢಿಯಲ್ಲ. ಸಂತೆಗೆ ಬಂದ ಹೇರುಗಳ ಮೇಲೆ ಇಂತಿಷ್ಟು ಎಲೆ, ಅಡಿಕೆ, ಎಣ್ಣೆಗಳನ್ನು ವರ್ತಕರು ದೇವಾಲಯಗಳಿಗೆ ಬಿಟ್ಟುಕೊಟ್ಟ ಸಂಗತಿ ಕನ್ನಡನಾಡಿನ ಅನೇಕ ಶಾಸನಗಳಲ್ಲಿದೆ. ಊರಿನ ಧರ್ಮಕಾರ್ಯ ಸಂತೆಯ ಗಳಿಕೆಯಿಂದಲೂ ನಡೆಯುತ್ತಿತ್ತು.

ಆದರೆ ಬೆಳೆದವನಿಗೆ ನ್ಯಾಯವಾದ ಬೆಲೆ ಸಿಗುವುದು ಎಂದಿಗೂ ಸುಲಭವಾಗಿರಲಿಲ್ಲ. 1981ರಲ್ಲಿ ನಮ್ಮ ನೆರೆಯ ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳುತನದಲ್ಲಿ ಹೆದ್ದಾರಿಯ ಮೇಲೆಯೇ ಬೀಡುಬಿಟ್ಟು ಬೆಲೆ ಕೇಳಿದರು. ಆ ಚಳವಳಿಯಲ್ಲಿ ಪ್ರಾಣ ತೆತ್ತವರೂ ಉಂಟು. ಕಾಯಿಪಲ್ಯ ಬೆಳೆಯುವವರ ಕಷ್ಟ ಅಷ್ಟು ಸುದ್ದಿಯಾಗುವುದಿಲ್ಲ. ದಲಾಲಿ, ಹಮಾಲಿ, ಗಾಡಿ ಬಾಡಿಗೆಗಳಲ್ಲಿ ಅದು ಸದ್ದಿಲ್ಲದೆ ಕರಗುತ್ತದೆ.

ನಮ್ಮ ಭಾಗದಲ್ಲಿ ಕಬ್ಬು ಮುಖ್ಯ ಬೆಳೆ. ಕಬ್ಬಿನ ಹಣ ಕಾರ್ಖಾನೆಯಿಂದ ತಡವಾಗಿ, ಒಮ್ಮೆಲೆ, ಬಹುತೇಕ ಯಜಮಾನನ ಹೆಸರಿಗೆ ಬರುತ್ತದೆ. ಸಂತೆಯ ಹಣ ವಾರವಾರ, ನಗದಾಗಿ, ಮನೆಯೊಡತಿಯ ಸೆರಗಿನ ಗಂಟಿಗೆ ಬರುತ್ತದೆ. ಮಕ್ಕಳ ಪಾಟಿ ಪುಸ್ತಕ, ಮುದುಕರ ಔಷಧ, ಹಬ್ಬದ ಬೆಲ್ಲ ಇವುಗಳಿಗೆ ಆಗುವುದು ಈ ಗಂಟೇ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದು ನದಿದಂಡೆಯ ಬೆಳೆಗಳು ನೀರುಪಾಲಾದವು. ಕಬ್ಬು ಹೋದರೆ ವರ್ಷದ ದುಡಿಮೆಯೇ ಹೋದಂತೆ. ಮೆಂತೆಯಾದರೋ ನೀರಿಳಿದು ಹೊಲ ಹದವಾದ ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುತ್ತದೆ. ಮನೆಗೊಂದು ಗುಂಟೆಯಾದರೂ ಕಾಯಿಪಲ್ಯಕ್ಕೆ ಬಿಡಿರೆಂದು ಹಿರಿಯರು ಹೇಳುವುದರ ಮರ್ಮ ಇದು.

ನೆರೆಯ ರಾಜ್ಯಗಳು ಈ ದಿಸೆಯಲ್ಲಿ ದಾರಿ ತೋರಿಸಿವೆ. 1999ರ ಜನವರಿಯಲ್ಲಿ ಆಂಧ್ರಪ್ರದೇಶದಲ್ಲಿ ರೈತು ಬಜಾರುಗಳೂ, ಅದೇ ವರ್ಷದ ನವೆಂಬರಿನಲ್ಲಿ ಮಧುರೆಯಿಂದ ಮೊದಲ್ಗೊಂಡು ತಮಿಳುನಾಡಿನಲ್ಲಿ ಉಳವರ್ ಸಂದೈಗಳೂ ಆರಂಭವಾದವು. ಅಲ್ಲಿ ರೈತರಿಗೆ ಗುರುತಿನ ಚೀಟಿ ಕೊಡುತ್ತಾರೆ, ದಿನದ ದರವನ್ನು ಫಲಕದ ಮೇಲೆ ಬರೆಯುತ್ತಾರೆ, ನಡುವಿನವರಿಗೆ ಎಡೆಯಿಲ್ಲ. ನಮ್ಮ ಸಂತೆಗಳಲ್ಲಿಯೂ ಒಂದು ದರಫಲಕ, ನೆರಳಿಗೊಂದು ಚಪ್ಪರ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಇವಿಷ್ಟಾದರೆ ದೊಡ್ಡ ಉಪಕಾರ. ಪಂಚಾಯತಿಯೊಡನೆ ತರುಣ ಸಂಘಗಳೂ ಅಕ್ಕನ ಬಳಗಗಳೂ ಕೈಗೂಡಿಸಿದರೆ ಇದು ಅಸಾಧ್ಯವಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆ ನಮಗೆಲ್ಲ ತಿಳಿದದ್ದೇ. ಕೊಳ್ಳುವಾಗ ಅಳತೆ ಮೀರಬಾರದು, ಕೊಡುವಾಗ ಅಳತೆಯ ಮೇಲೊಂದು ಹಿಡಿ ಇರಬೇಕು. ಸಂತೆಯ ಆ ತಾಯಂದಿರು ಓದದೆಯೇ ಅರಿತ ಪಾಠವಿದು. ಆದುದರಿಂದ ಓದುಗ ಬಂಧುಗಳೇ, ಮುಂದಿನ ಸಂತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗೋಣ. ಬೆಳೆದವರ ಕೈಯಿಂದಲೇ ಕೊಳ್ಳೋಣ. ಬಿಸಿಲಿನಲ್ಲಿ ಕುಳಿತವಳೊಡನೆ ನಾಲ್ಕಾಣೆಗಾಗಿ ಜಗ್ಗಾಡದಿರೋಣ. ಕೊಸರನ್ನು ಅವಳು ತಾನಾಗಿಯೇ ಹಾಕುತ್ತಾಳೆ.