ಮೇಷ್ಟ್ರಿಗೂ ಬೇಕು ದೇಶ ಸುತ್ತಾಟ

ಫಿನ್‌ಲೆಂಡ್ ಶಾಲೆ ನೋಡೋಕೆ ಇವತ್ತು ಊರೂರಿಂದ ಶಿಕ್ಷಕರು ಹೋಗ್ತಾರೆ. ಆದ್ರೆ ಆ ಶಾಲೆಗಳ ಹಿಂದೆ ಇರೋದೂ ಒಂದು ಸುತ್ತಾಟವೇ!

1858ರಲ್ಲಿ ಅಲ್ಲಿನ ಊನೊ ಸಿಗ್ನೇಯಸ್ ಅನ್ನೋ ಪಾದ್ರಿ ಸ್ವೀಡನ್, ಜರ್ಮನಿ, ಸ್ವಿಟ್ಜರ್ಲೆಂಡ್ ಅಂತ ಹೊರಟ್ರು. ನೋಡಿದ್ದು ಶಾಲೆಗಳನ್ನ, ಶಿಕ್ಷಕರ ತರಬೇತಿಯನ್ನ. ವಾಪಸ್ ಬಂದು 1863ರಲ್ಲಿ ಯುವಾಸ್ಕುಲಾ ಊರಲ್ಲಿ ಫಿನ್ನಿಶ್ ಭಾಷೆಯ ಮೊದಲ ಶಿಕ್ಷಕರ ತರಬೇತಿ ಶಾಲೆ ಕಟ್ಟಿದ್ರು. ಮಕ್ಕಳ ಪಾಠಕ್ಕೆ ಕೈಕೆಲಸವನ್ನೂ ಸೇರಿಸಿದ್ರು. ಮುಂದೆ ಸ್ವೀಡನ್ನಿನ ಒಟ್ಟೊ ಸಾಲೊಮನ್ ಸಿಗ್ನೇಯಸ್ ಅವರಿಂದ ಕಲಿತು, ದೇಶವಿದೇಶದ ಶಿಕ್ಷಕರಿಗೆ ಅದನ್ನೇ ಕಲಿಸಿದ್ರು.

ಈಗಿನ ದಾರಿ? 1987ರಲ್ಲಿ ಯುರೋಪಿನಲ್ಲಿ ಶುರುವಾದ ಎರಾಸ್ಮಸ್ ಅನ್ನೋ ವಿನಿಮಯ ಕಾರ್ಯಕ್ರಮ. ಶಿಕ್ಷಕರಾಗೋಕೆ ಓದ್ತಿರೋರು 2ರಿಂದ 12 ತಿಂಗಳು ಬೇರೆ ದೇಶದಲ್ಲಿ ಕಲಿಯಬಹುದು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬೋಧನಾ ಶುಲ್ಕ ಇಲ್ಲ. ಅಧ್ಯಾಪಕರೂ ಹೋಗಬಹುದು, ಆದ್ರೆ ಪಾಠ ಮಾಡೋಕೆ ಹೋದವರು ವಾರಕ್ಕೆ ಕನಿಷ್ಠ 8 ಗಂಟೆ ಪಾಠ ಮಾಡಲೇಬೇಕು. ಒಳ್ಳೇ ನಿಯಮ. ಇಲ್ದಿದ್ರೆ ಫೋಟೋ, ಪ್ರಮಾಣಪತ್ರ, ವಾಪಸ್!

ನನ್ನ ಪ್ರಕಾರ ದೊಡ್ಡ ಲಾಭ ಬೇರೆಯೇ ಇದೆ. ಭಾಷೆ ಬಾರದ ತರಗತಿಯಲ್ಲಿ ಒಂದು ವಾರ ಕೂತ ಶಿಕ್ಷಕಿಗೆ, ಮನೇಲಿ ಲಂಬಾಣಿ ಆಡಿ ಕನ್ನಡ ಶಾಲೆಗೆ ಬರೋ ಮಗು ಯಾಕೆ ಮೌನವಾಗಿರುತ್ತೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಅಧ್ಯಾಪಕರಿಗೋ, ವರ್ಷಗಟ್ಟಲೆ ಓದಿಸಿದ ನೋಟ್ಸು ಹೊಸಬರ ಒಂದು ಪ್ರಶ್ನೆಗೇ ಅಲ್ಲಾಡಿಬಿಡಬಹುದು.

ನಮ್ಮ ಕಾಲೇಜುಗಳಿಗೂ ಅವಕಾಶ ಇದೆ. ಯುರೋಪಿನ ಒಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಬೇಕು, ಅರ್ಜಿ ಹಾಕೋದು ಅವರು. ನಿಮ್ಮ ಬಿ.ಎಡ್. ಕಾಲೇಜಿಗೆ ಅಂಥ ಒಪ್ಪಂದ ಇದೆಯಾ? ಪ್ರಾಂಶುಪಾಲರನ್ನ ಕೇಳಿ ನೋಡಿ.