ಆರೈಕೆಯ ಲೋಪಕ್ಕೆ ಬೆಲೆ ಕಟ್ಟುವವರು ಯಾರು? ನರ್ಸಿಂಗ್ ಹೋಂ ನಿರ್ಲಕ್ಷ್ಯ ಮತ್ತು ಕುಟುಂಬದ ಪರಿಹಾರದ ಹಕ್ಕು

ದೀರ್ಘಕಾಲ ಹಾಸಿಗೆ ಹಿಡಿದ ವೃದ್ಧರ ಬೆನ್ನಿನಲ್ಲಿ ಹುಣ್ಣು ಕಾಣಿಸಿಕೊಂಡರೆ ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದೇ ಹೆಚ್ಚು. 'ಎಂಬತ್ತಾಯಿತಲ್ಲ, ಇನ್ನೇನು' ಎಂಬ ಮಾತು ವೈದ್ಯರಿಗಿಂತ ಮೊದಲು ಬಂಧುಗಳ ಬಾಯಲ್ಲೇ ಬರುತ್ತದೆ. ಆದರೆ ತಾನಾಗಿ ಹೊರಳಲಾರದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕೆಂಬುದು ಶುಶ್ರೂಷೆಯ ಮೊದಲ ಪಾಠಗಳಲ್ಲೊಂದು. ಎಲ್ಲ ಹಾಸಿಗೆ ಹುಣ್ಣೂ ನಿರ್ಲಕ್ಷ್ಯದ ಫಲವಲ್ಲ, ನಿಜ. ಆದರೆ ಮಗ್ಗುಲು ಬದಲಿಸದೆ, ಗಾಯವನ್ನು ನೋಡದೆ, ನಂಜು ರಕ್ತಕ್ಕೇರಿ ಜೀವ ಹೋದರೆ ಅದನ್ನು ವಿಧಿಯೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಹಣ ಪಡೆದು ಒಪ್ಪಿಕೊಂಡ ಕೆಲಸವನ್ನು ಮಾಡದಿದ್ದುದಕ್ಕೆ ಕಾನೂನಿನಲ್ಲಿ ಸೇವಾ ನ್ಯೂನತೆ ಎಂಬ ಹೆಸರಿದೆ. ಅದಕ್ಕೆ ಪರಿಹಾರವೂ ಇದೆ.

ಅಮೆರಿಕದಲ್ಲಿ ನರ್ಸಿಂಗ್ ಹೋಂ ಎಂದರೆ ವೃದ್ಧರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವ ಆರೈಕೆಯ ಮನೆ. ನಮ್ಮಲ್ಲಿ ಅದೇ ಹೆಸರು ಬಡಾವಣೆಯ ಸಣ್ಣ ಖಾಸಗಿ ಆಸ್ಪತ್ರೆಗೆ ಅಂಟಿಕೊಂಡಿದೆ. ಅಲ್ಲಿನ ಅರ್ಥದ ನರ್ಸಿಂಗ್ ಹೋಂಗಳು ಇಲ್ಲಿ ವೃದ್ಧಾಶ್ರಮ, ಹಿರಿಯರ ಆರೈಕೆ ಕೇಂದ್ರ ಮುಂತಾದ ಹೆಸರುಗಳಲ್ಲಿ ನಡೆಯುತ್ತಿವೆ. ಹೆಸರು ಯಾವುದೇ ಇರಲಿ, ಅಲ್ಲಿ ನೊಂದ ಕುಟುಂಬಕ್ಕೆ ತೆರೆದಿರುವ ಮುಖ್ಯ ಬಾಗಿಲು ಒಂದೇ: ಗ್ರಾಹಕ ಸಂರಕ್ಷಣಾ ಕಾಯ್ದೆ.

ಈ ಬಾಗಿಲು ತೆರೆದದ್ದು 1995ರ ನವೆಂಬರ್ 13ರಂದು. ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶುಲ್ಕ ಪಡೆದು ನೀಡುವ ಚಿಕಿತ್ಸೆಯೂ 'ಸೇವೆ'ಯೇ ಎಂದು ತೀರ್ಪು ನೀಡಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ ಮಾತ್ರ ಕಾಯ್ದೆಯ ಹೊರಗೆ ಉಳಿಯಿತು. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಹಣ ಕೊಡದ ರೋಗಿಯೂ ಗ್ರಾಹಕನೇ. ಬಿಲ್ಲನ್ನು ವಿಮಾ ಕಂಪನಿ ಪಾವತಿಸಿದ್ದರೂ ಹಕ್ಕು ಹೋಗುವುದಿಲ್ಲ.

2019ರಲ್ಲಿ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಾಗ ಗೊಂದಲವೊಂದು ಹುಟ್ಟಿತ್ತು. ಮಸೂದೆಯಲ್ಲಿದ್ದ 'ಆರೋಗ್ಯ ಸೇವೆ' ಎಂಬ ಪದವನ್ನು ಅಂತಿಮ ಕಾಯ್ದೆಯಲ್ಲಿ ಕೈಬಿಡಲಾಗಿತ್ತು. ವೈದ್ಯರು ಕಾಯ್ದೆಯ ವ್ಯಾಪ್ತಿಯಿಂದ ಹೊರಗೆ ಬಂದರೆಂಬ ವಾದ ಹುಟ್ಟಿದ್ದು ಇದರಿಂದಲೇ. ಬಾಂಬೆ ಹೈಕೋರ್ಟ್ 2021ರಲ್ಲಿ ಈ ವಾದವನ್ನು ತಳ್ಳಿಹಾಕಿತು. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿಯನ್ನು ವಜಾ ಮಾಡಿತು.

ನರ್ಸ್ ತಪ್ಪಿಗೆ ಹೊಣೆ ಯಾರು?

ಶುಶ್ರೂಷೆಯ ಲೋಪಕ್ಕೆ ಸಂಬಂಧಿಸಿದಂತೆ ಇಂದಿಗೂ ಉಲ್ಲೇಖವಾಗುವುದು ದೆಹಲಿಯ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣ. 1993ರ ಡಿಸೆಂಬರ್‌ನಲ್ಲಿ ವಿಷಮಶೀತ ಜ್ವರವೆಂದು ಅಲ್ಲಿ ದಾಖಲಾದ ಮಗುವಿಗೆ ನರ್ಸ್ ಕೊಟ್ಟ ತಪ್ಪು ಇಂಜೆಕ್ಷನ್‌ನಿಂದ ಹೃದಯ ಸ್ತಂಭಿಸಿತು. ಜೀವ ಉಳಿದರೂ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗವು ಮಗುವಿಗೆ 12.5 ಲಕ್ಷ ರೂಪಾಯಿ, ತಂದೆತಾಯಿಗೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 1998ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ತಪ್ಪು ನರ್ಸ್‌ನದೆಂದು ಹೇಳಿ ಆಸ್ಪತ್ರೆ ಕೈತೊಳೆದುಕೊಳ್ಳುವಂತಿಲ್ಲ. ರೋಗಿಯನ್ನು ಸೇರಿಸಿ ಹಣ ಕೊಟ್ಟ ಹೆತ್ತವರೂ ಗ್ರಾಹಕರೇ. ತಮ್ಮ ಮನೋವೇದನೆಗೆ ಅವರು ಬೇರೆಯೇ ಪರಿಹಾರ ಕೇಳಬಹುದು.

ನೊಂದ ಕುಟುಂಬಕ್ಕೆ ಎದುರಾಗುವ ಇನ್ನೊಂದು ಸಮಸ್ಯೆ, ತಪ್ಪು ಮಾಡಿದವರು ಯಾರೆಂಬುದೇ ತಿಳಿಯದಿರುವುದು. ರಾತ್ರಿ ಪಾಳಿಯಲ್ಲಿದ್ದ ನರ್ಸ್ ಯಾರು, ಡ್ರಿಪ್ ಬದಲಿಸಿದವರು ಯಾರು, ಆಯಾ ಎಲ್ಲಿ ಹೋಗಿದ್ದಳು ಎಂಬುದೆಲ್ಲ ಹೊರಗಿನ ಬೆಂಚಿನಲ್ಲಿ ಕಾಯುವವರಿಗೆ ಗೊತ್ತಾಗುವ ಸಂಗತಿಗಳಲ್ಲ. 2004ರಲ್ಲಿ ಸವಿತಾ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಷ್ಟವನ್ನು ಅರ್ಥಮಾಡಿಕೊಂಡಿತು. ಪ್ರತಿಯೊಬ್ಬ ವೈದ್ಯ, ನರ್ಸ್‌ನ ಹೆಸರನ್ನು ದೂರಿನಲ್ಲಿ ಸೇರಿಸಬೇಕಾಗಿಲ್ಲ. ಆಸ್ಪತ್ರೆಯನ್ನು ಪ್ರತಿವಾದಿ ಮಾಡಿದರೆ ಸಾಕು. ಆರೈಕೆಯ ಕೊರತೆಯಿಂದ ಹಾನಿಯಾಗಿದೆ ಎಂದು ಮೇಲ್ನೋಟಕ್ಕೆ ತೋರಿಸಿದರೆ, ತಾನು ಸರಿಯಾದ ಎಚ್ಚರ ವಹಿಸಿದ್ದೆನೆಂದು ಸಾಬೀತುಪಡಿಸುವ ಹೊಣೆ ಆಸ್ಪತ್ರೆಯದು. ಎಲ್ಲ ಪ್ರಕರಣಗಳಲ್ಲೂ ತಜ್ಞ ವೈದ್ಯರ ಸಾಕ್ಷ್ಯ ಕಡ್ಡಾಯವಲ್ಲ ಎಂದು 2010ರ ವಿ. ಕಿಶನ್ ರಾವ್ ತೀರ್ಪು ಹೇಳಿತು. ಒಬ್ಬ ವೈದ್ಯರ ವಿರುದ್ಧ ಇನ್ನೊಬ್ಬ ವೈದ್ಯರು ಸಾಕ್ಷಿ ಹೇಳಲು ಮುಂದೆ ಬರುವುದು ಎಷ್ಟು ಅಪರೂಪವೆಂಬುದು ತಿಳಿದವರಿಗೆ ಇದರ ಮಹತ್ವ ಅರಿವಾದೀತು.

ಹಾಗೆಂದು ರೋಗಿ ಸತ್ತನೆಂಬ ಒಂದೇ ಕಾರಣಕ್ಕೆ ಪರಿಹಾರ ಸಿಗದು. ಅಷ್ಟರಿಂದಲೇ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಬಾಂಬೆ ಆಸ್ಪತ್ರೆಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆದಾಯದ ಅಳತೆಗೋಲು

ನಿರ್ಲಕ್ಷ್ಯವನ್ನು ಗುರುತಿಸುವುದರಲ್ಲಿ ನ್ಯಾಯಾಲಯಗಳು ಉದಾರವಾಗಿವೆ. ತೊಡಕಿರುವುದು ಅದಕ್ಕೆ ಬೆಲೆ ಕಟ್ಟುವುದರಲ್ಲಿ. ದೇಶದ ವೈದ್ಯಕೀಯ ನಿರ್ಲಕ್ಷ್ಯ ಪ್ರಕರಣಗಳಲ್ಲಿ ಅತ್ಯಂತ ಹೆಸರಾದ ಡಾ. ಕುಣಾಲ್ ಸಹಾ ಪ್ರಕರಣವನ್ನೇ ನೋಡಬಹುದು. ಕೋಲ್ಕತ್ತದಲ್ಲಿ ನಡೆದ ತಪ್ಪು ಚಿಕಿತ್ಸೆಯ ನಂತರ 1998ರ ಮೇ ತಿಂಗಳಲ್ಲಿ ಅವರ ಪತ್ನಿ ಮುಂಬೈಯಲ್ಲಿ ಮೃತರಾದರು. ಹದಿನೈದು ವರ್ಷಗಳ ಹೋರಾಟದ ಬಳಿಕ, 2013ರ ಅಕ್ಟೋಬರ್‌ನಲ್ಲಿ, ವ್ಯಾಜ್ಯದ ಖರ್ಚೂ ಸೇರಿ ಸುಮಾರು 6.08 ಕೋಟಿ ರೂಪಾಯಿ ಮತ್ತು ಅದರ ಮೇಲೆ ಬಡ್ಡಿಯನ್ನು ಸುಪ್ರೀಂ ಕೋರ್ಟ್ ನಿಗದಿಮಾಡಿತು. ಪತ್ರಿಕೆಗಳು ಒಟ್ಟು ಮೊತ್ತವನ್ನು ತಲೆಬರಹ ಮಾಡಿದವು. ಆದರೆ ಕಣ್ಣಿಗೆ ಬೀಳಬೇಕಾದದ್ದು ಅದರ ವಿಂಗಡಣೆ. ಸುಮಾರು 5.72 ಕೋಟಿ ರೂಪಾಯಿ ಮೃತರ ಆದಾಯ ನಷ್ಟಕ್ಕೆ. ಅವರು ಅನುಭವಿಸಿದ ನೋವು, ಯಾತನೆಗೆ 10 ಲಕ್ಷ. ಪತ್ನಿಯ ಸಾಂಗತ್ಯ ಕಳೆದುಕೊಂಡ ಪತಿಗೆ 1 ಲಕ್ಷ.

ಮೃತರು ಮೂವತ್ತಾರರ ಪ್ರಾಯದ, ಅಮೆರಿಕದಲ್ಲಿ ನೆಲೆಸಿದ್ದ ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿದ್ದರು. ಅವರ ಜಾಗದಲ್ಲಿ ಎಪ್ಪತ್ತೆಂಟರ ಗೃಹಿಣಿಯೊಬ್ಬರನ್ನು ಇಟ್ಟು ನೋಡಿದರೆ ಆ 5.72 ಕೋಟಿಯ ಬಾಬ್ತು ಪೂರ್ತಿ ಅಳಿಸಿಹೋಗುತ್ತದೆ. ಉಳಿಯುವುದು ಆಸ್ಪತ್ರೆಯ ಖರ್ಚು ಮತ್ತು ನೋವಿನ ಬಾಬ್ತು. ಆರೈಕೆಯ ಲೋಪಕ್ಕೆ ಅತಿ ಸುಲಭವಾಗಿ ಬಲಿಯಾಗುವವರೇ ವೃದ್ಧರು. ಪರಿಹಾರದ ಲೆಕ್ಕದಲ್ಲಿ ಅತಿ ಅಗ್ಗವಾಗಿ ಹೋಗುವವರೂ ಅವರೇ. ಇದನ್ನು ನ್ಯಾಯವೆಂದು ಒಪ್ಪುವುದು ಕಷ್ಟ.

ಈ ಅಸಮತೋಲನವನ್ನು ನ್ಯಾಯಾಲಯಗಳು ಕಾಣದೆ ಇಲ್ಲ. 1989ರಲ್ಲಿ ಜಮ್ಶೆಡ್‌ಪುರದಲ್ಲಿ ಸಂಭವಿಸಿದ ಬೆಂಕಿ ದುರಂತದ ಬಗ್ಗೆ 2001ರಲ್ಲಿ ಬಂದ ಲತಾ ವಾಧ್ವಾ ತೀರ್ಪಿನಲ್ಲಿ ಗೃಹಿಣಿಯರ ಮನೆಗೆಲಸಕ್ಕೆ ವರ್ಷಕ್ಕೆ 36 ಸಾವಿರ ರೂಪಾಯಿಯೆಂದೂ, 62ರಿಂದ 72ರ ವಯಸ್ಸಿನ ಹಿರಿಯ ಮಹಿಳೆಯರ ಸೇವೆಗೆ 20 ಸಾವಿರ ರೂಪಾಯಿಯೆಂದೂ ಬೆಲೆ ಕಟ್ಟಲಾಯಿತು. ಮೊತ್ತ ಸಣ್ಣದು, ಆದರೆ ಅಜ್ಜಿಯ ದುಡಿಮೆಯೂ ದುಡಿಮೆಯೇ ಎಂಬ ಮಾತು ಕಾನೂನಿನ ಪುಸ್ತಕದೊಳಗೆ ಬಂತು. 2019ರಲ್ಲಿ ಭೋಪಾಲದ ಡೆಂಗಿ ಪ್ರಕರಣವೊಂದು ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಉದ್ಯೋಗದಲ್ಲಿಲ್ಲದ 56 ವರ್ಷದ ಮಹಿಳೆ ದಾಖಲಾದ ದಿನವೇ ಮೃತಪಟ್ಟಿದ್ದರು. ಆಕೆಯ ಸ್ಥಿತಿಯನ್ನು ಆಗಾಗ್ಗೆ ಪರೀಕ್ಷಿಸುತ್ತಿರಲಿಲ್ಲ ಎಂಬುದೇ ಅಲ್ಲಿ ನಿರ್ಲಕ್ಷ್ಯವಾಯಿತು. ಸಂಪಾದಿಸದ ಸಂಗಾತಿಯು ಕುಟುಂಬಕ್ಕೆ ನೀಡುವ ಕೊಡುಗೆಗೂ ಆರ್ಥಿಕ ಮೌಲ್ಯವಿದೆ ಎಂದ ನ್ಯಾಯಾಲಯ 15 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಬದುಕುಳಿದು ಪರಾಧೀನರಾದವರ ವಿಷಯದಲ್ಲಿ ಇನ್ನೊಂದು ಬಾಬ್ತು ಮುಖ್ಯವಾಗುತ್ತದೆ. ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ 1990ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಿಂದ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ವಿದ್ಯಾರ್ಥಿ ಮುಂದೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆದರು. ಸುಪ್ರೀಂ ಕೋರ್ಟ್‌ನಲ್ಲಿ ತಮ್ಮ ಮೊಕದ್ದಮೆಯನ್ನು ತಾವೇ ವಾದಿಸಿದರು. 2009ರಲ್ಲಿ ಅವರಿಗೆ ಸಿಕ್ಕಿದ 1 ಕೋಟಿ ರೂಪಾಯಿಯಲ್ಲಿ, ತಿಂಗಳಿಗೆ 4 ಸಾವಿರದಂತೆ 30 ವರ್ಷಗಳ ಶುಶ್ರೂಷಕರ ವೇತನವೆಂದು 14.4 ಲಕ್ಷ ಸೇರಿತ್ತು. ಬಿದ್ದು ಸೊಂಟ ಮುರಿದ ವೃದ್ಧರ ಪರವಾಗಿ ದೂರು ಬರೆಯುವವರು ಮುಂದಿನ ಆರೈಕೆಯ ಈ ಖರ್ಚನ್ನು ಕೇಳಲು ಮರೆಯಬಾರದು. ಆದಾಯದ ಬಾಬ್ತು ಇಲ್ಲದವರಿಗೆ ದೊಡ್ಡ ಮೊತ್ತ ಬರುವ ದಾರಿ ಬಹುತೇಕ ಇದೇ. ಇದರೊಡನೆ ರೋಗಿಯ ಯಾತನೆ, ಕುಟುಂಬದ ಮನೋವೇದನೆ, ಎರಡನೆಯ ಆಸ್ಪತ್ರೆಯ ಬಿಲ್ಲು ಇವನ್ನು ಬೇರೆ ಬೇರೆಯಾಗಿ ನಮೂದಿಸಬೇಕು. ಸುಮ್ಮನೆ '20 ಲಕ್ಷ ಕೊಡಿಸಿ' ಎಂದು ಬರೆದ ದೂರು ಬಲಹೀನವಾಗುತ್ತದೆ.

ಕೇಸ್ ಶೀಟ್ ಎಂಬ ಸಾಕ್ಷಿ

ಇಂಥ ಮೊಕದ್ದಮೆಗಳ ಗೆಲುವು ಸೋಲು ನಿಂತಿರುವುದು ಕಾಗದದ ಮೇಲೆ. ರೋಗಿ ಅಥವಾ ಆತನ ಪರವಾಗಿ ಅಧಿಕಾರ ಹೊಂದಿದವರು ಕೇಳಿದರೆ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವಿಧಿಸುತ್ತದೆ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ಡಿಸ್ಚಾರ್ಜ್ ಸಮ್ಮರಿಯೊಂದೇ ಸಾಲದು; ಪೂರ್ತಿ ಕೇಸ್ ಶೀಟ್, ನರ್ಸ್‌ಗಳು ಪಾಳಿವಾರು ಬರೆಯುವ ಟಿಪ್ಪಣಿ, ಔಷಧ ಕೊಟ್ಟ ವೇಳೆಯ ಚಾರ್ಟ್ ಇವುಗಳನ್ನು ಲಿಖಿತವಾಗಿ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಬೇಕು. ಮಗ್ಗುಲು ಬದಲಿಸಿದ ನಮೂದು ಚಾರ್ಟಿನಲ್ಲಿ ಮೂರು ದಿನ ಇಲ್ಲದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗಾಯದ ಫೋಟೋವನ್ನು ದಿನಾಂಕ ಸಹಿತ ತೆಗೆದಿಡುವುದು, ಬೇರೆ ಆಸ್ಪತ್ರೆಗೆ ಸೇರಿಸಿದ್ದರೆ ದಾಖಲಾಗುವಾಗಿನ ಸ್ಥಿತಿಯನ್ನು ಅಲ್ಲಿಯ ವೈದ್ಯರಿಂದ ಬರೆಸುವುದು ಸಹ ಉಪಯುಕ್ತ. ದುಃಖದ ನಡುವೆ ಇದೆಲ್ಲ ಕಠೋರವಾಗಿ ತೋರಬಹುದು. ಆದರೆ ತಿಂಗಳು ಕಳೆದ ಮೇಲೆ ಕೇಳಿದ ಕಡತ ಮೊದಲಿನಂತೆಯೇ ಇರುತ್ತದೆಂಬ ಖಾತರಿಯಿಲ್ಲ.

ದೂರು ಸಲ್ಲಿಸಲು ಘಟನೆ ನಡೆದಂದಿನಿಂದ 2 ವರ್ಷಗಳ ಗಡುವು ಇದೆ. ತಡವಾದರೆ ಸಮರ್ಥ ಕಾರಣ ಕೊಡಬೇಕು. ರೋಗಿ ಮೃತರಾಗಿದ್ದರೆ ವಾರಸುದಾರರು ದೂರುದಾರರಾಗಬಹುದು. ಯಾವ ಆಯೋಗಕ್ಕೆ ಹೋಗಬೇಕೆಂಬುದನ್ನು ಈಗ ನಿರ್ಧರಿಸುವುದು ಕೇಳುವ ಪರಿಹಾರವಲ್ಲ, ಆಸ್ಪತ್ರೆಗೆ ಪಾವತಿಸಿದ ಹಣ. ಅದು 50 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದರಾಚೆಗೆ ರಾಷ್ಟ್ರೀಯ ಆಯೋಗ. ಅಂದರೆ ಬಹುಪಾಲು ಪ್ರಕರಣಗಳು ಜಿಲ್ಲೆಯಲ್ಲೇ ಆರಂಭವಾಗುತ್ತವೆ. ಪಾವತಿಸಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ದೂರುದಾರರು ತಾವು ವಾಸಿಸುವ ಊರಿನಲ್ಲೇ ದೂರು ಹಾಕಬಹುದು; ಬೆಂಗಳೂರಿನ ಆಸ್ಪತ್ರೆಯ ವಿರುದ್ಧ ಕಲಬುರ್ಗಿಯ ಮಗ ಕಲಬುರ್ಗಿಯಲ್ಲೇ ಹೋರಾಡಬಹುದು. ಮೂರರಿಂದ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟು ಬೇಗ ಮುಗಿಯುತ್ತದೆಂದು ನಂಬಿ ಹೋಗುವುದು ಬೇಡ.

ಪೊಲೀಸ್ ದೂರು ಬೇರೆಯೇ ದಾರಿ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅನ್ವಯಿಸುತ್ತದೆ. ಆದರೆ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಲು ನಿರ್ಲಕ್ಷ್ಯ ಅತಿ ಗಂಭೀರವಾಗಿರಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ನಿಯಂತ್ರಣಕ್ಕೆ 2007ರ ಕಾಯ್ದೆಯಿದೆ. ಅದರ ತಿದ್ದುಪಡಿಯ ವಿರುದ್ಧ 2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ನಡೆಸಿದ ಮುಷ್ಕರವನ್ನು ರೋಗಿಗಳು ಮರೆತಿರಲಾರರು. ಈ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಆದರೆ ಕುಟುಂಬದ ನಷ್ಟವನ್ನು ಅಳೆದು ಪರಿಹಾರ ಕೊಡಿಸಲು ಗ್ರಾಹಕ ಆಯೋಗಕ್ಕೇ ಹೋಗಬೇಕು.

ವೃದ್ಧಾಶ್ರಮಗಳ ಕಥೆ

ವೃದ್ಧಾಶ್ರಮ, ಆರೈಕೆ ಕೇಂದ್ರಗಳತ್ತ ತಿರುಗಿದರೆ ಕಾನೂನು ಇನ್ನಷ್ಟು ತೆಳುವಾಗುತ್ತದೆ. ಹಿರಿಯ ನಾಗರಿಕರ ಪಾಲನೆ ಕುರಿತ 2007ರ ಕೇಂದ್ರ ಕಾಯ್ದೆ ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸುವ ಕಾಯ್ದೆ. ಸಂಸ್ಥೆಯೊಳಗಿನ ನಿರ್ಲಕ್ಷ್ಯಕ್ಕೆ ಅದರಲ್ಲಿ ಪರಿಹಾರವಿಲ್ಲ. ಆರೈಕೆ ಗೃಹಗಳನ್ನೂ ಮನೆಗೆ ಶುಶ್ರೂಷಕರನ್ನು ಕಳುಹಿಸುವ ಸಂಸ್ಥೆಗಳನ್ನೂ ನೋಂದಾಯಿಸಬೇಕೆಂಬ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅದು ಕಾನೂನಾಗಲಿಲ್ಲ. ದಂಡ ಸಂಹಿತೆಯಲ್ಲಿ ಹಳೆಯದೊಂದು ಕಲಂ ಇದೆ: ಅಸಹಾಯಕ ವ್ಯಕ್ತಿಯನ್ನು ನೋಡಿಕೊಳ್ಳುವ ಕರಾರು ಮಾಡಿಕೊಂಡು ಬೇಕೆಂದೇ ಕೈಬಿಡುವುದು ಅಪರಾಧ. ಬ್ರಿಟಿಷರ ಕಾಲದಿಂದ ಇದ್ದ 200 ರೂಪಾಯಿ ದಂಡ, ಈಗ ನ್ಯಾಯ ಸಂಹಿತೆಯ 357ನೇ ಕಲಮಿನಲ್ಲಿ 5 ಸಾವಿರಕ್ಕೇರಿದೆ. ಸೆರೆವಾಸ ಮೂರು ತಿಂಗಳವರೆಗೆ.

ಹೀಗಾಗಿ ಇಲ್ಲಿಯೂ ಆಸರೆಯಾಗುವುದು ಗ್ರಾಹಕ ಕಾಯ್ದೆಯೇ. ಆದರೆ ಉಚಿತ ಸೇವೆಯೂ, ವೈಯಕ್ತಿಕ ಸೇವೆಯ ಕರಾರೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಏಜೆನ್ಸಿಯ ಮೂಲಕ ಬಂದ ಹೋಂ ನರ್ಸ್ ತಪ್ಪೆಸಗಿದರೆ ಏಜೆನ್ಸಿಯನ್ನು ಕೇಳಬಹುದು. ನೇರವಾಗಿ ಸಂಬಳಕ್ಕಿಟ್ಟುಕೊಂಡ ಕೆಲಸದವರ ವಿಷಯದಲ್ಲಿ ಆಯೋಗ ಕೈಹಿಡಿಯದು. ತಿಂಗಳ ಶುಲ್ಕಕ್ಕೆ 'ದೇಣಿಗೆ' ಎಂದು ರಸೀದಿ ಬರೆದುಕೊಡುವ ಆಶ್ರಮ, ನಾಳೆ ಆಯೋಗದ ಮುಂದೆ ತನ್ನದು ಉಚಿತ ಸೇವೆಯೆಂದು ವಾದಿಸಬಹುದು. ಹಿರಿಯರನ್ನು ಸೇರಿಸುವ ದಿನವೇ ಶುಲ್ಕದ ಮೊತ್ತ, ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ, ತುರ್ತು ಸಂದರ್ಭದಲ್ಲಿ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂಬುದನ್ನು ಬರಹದಲ್ಲಿ ಪಡೆದು, ರಸೀದಿಯಲ್ಲಿ 'ಆರೈಕೆ ಶುಲ್ಕ' ಎಂದೇ ಬರೆಸಿಕೊಂಡರೆ ಆ ವಾದಕ್ಕೆ ಎಡೆಯಿರುವುದಿಲ್ಲ.