ಮೂರನೆಯ ವರ್ಷದ ಕೋಣೆ: ಸಿಂಗಪುರದ ಹಿರಿಯ ವಿದ್ಯಾರ್ಥಿಗಳ ವಸತಿ

ಮಕ್ಕಳು ವಿಶ್ವವಿದ್ಯಾನಿಲಯ ಸೇರುವಾಗ ನಾವು ಕೋರ್ಸು, ಶುಲ್ಕ, ಸಾಲ ಎಲ್ಲವನ್ನೂ ವಿಚಾರಿಸುತ್ತೇವೆ. ಮೊದಲ ವರ್ಷ ಹಾಸ್ಟೆಲ್ ಕೋಣೆ ಸಿಕ್ಕರೆ ಪದವಿ ಮುಗಿಯುವವರೆಗೂ ಅದು ನಮ್ಮದೇ ಎಂದುಕೊಳ್ಳುತ್ತೇವೆ. ಸಿಂಗಪುರದಲ್ಲಿ ಹಾಗಿಲ್ಲ.

ಓದಿಗೂ ವಸತಿಗೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲ. ವಾರಾನ್ನ ಉಂಡು, ಮಠ ಮತ್ತು ಸಮುದಾಯದ ಹಾಸ್ಟೆಲುಗಳಲ್ಲಿದ್ದು ಓದಿದವರು ನಮ್ಮ ಹಿರಿಯರು. ಇಲ್ಲಿಯೂ 1905ರಲ್ಲಿ ಆರಂಭವಾದ ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳಿಗೆಂದು 1916ರಲ್ಲಿ ವಸತಿಗೃಹ ತೆರೆಯಿತು. ಅದೇ ಇಂದಿನ ಎನ್‌ಯುಎಸ್‌ನ ಕಿಂಗ್ ಎಡ್ವರ್ಡ್ ಸೆವೆಂತ್ ಹಾಲ್.

ಕೋಣೆಗಳ ಸಂಖ್ಯೆ ಸೀಮಿತ. ಪ್ರತಿ ಆಗಸ್ಟ್‌ನಲ್ಲಿ ಬರುವ ಹೊಸಬರಿಗೆ ಆದ್ಯತೆ ಕೊಟ್ಟ ಮೇಲೆ ಉಳಿದದ್ದು ಹಿರಿಯರಿಗೆ. ಎನ್‌ಯುಎಸ್‌ನ ಟೆಂಬುಸುವಿನಂಥ ವಸತಿ ಕಾಲೇಜುಗಳ ಕಾರ್ಯಕ್ರಮ ಎರಡು ವರ್ಷದ್ದು. ಹಾಲ್‌ಗಳಲ್ಲಿ ಪ್ರತಿ ವರ್ಷ ಮತ್ತೆ ಅರ್ಜಿ ಹಾಕಬೇಕು. ಕ್ರೀಡೆ, ನಾಟಕ, ಸಮಿತಿ ಕೆಲಸಗಳಿಗೆ ಸಿಗುವ ಅಂಕಗಳ ಮೇಲೆ ಕೋಣೆ ನಿರ್ಧಾರವಾಗುತ್ತದೆ. ಹಾಲ್‌ನ ಬದುಕು ಚುರುಕಾಗಿರಲು ಇದು ನೆರವಾಗುತ್ತದೆ, ನಿಜ. ಆದರೆ ಸಂಕೋಚದ ಸ್ವಭಾವದ ಹುಡುಗನಿಗೆ, ಪಾಠ ಹೇಳಿ ಖರ್ಚು ತೂಗಿಸುವ ಹುಡುಗಿಗೆ ಅಂಕ ಗಳಿಸುವುದು ಕಷ್ಟ.

ಕೋಣೆ ತಪ್ಪಿದರೆ ಏನು? ನಾನಿರುವ ಸೆಲೆಟಾರ್‌ನಿಂದ ಕೆಂಟ್ ರಿಡ್ಜ್‌ಗೆ ಹೋಗಲು ಬಸ್ಸಿನಲ್ಲಿ ಯೊ ಚು ಕಾಂಗ್, ಅಲ್ಲಿಂದ ಎಂಆರ್‌ಟಿ, ಬಿಶಾನ್‌ನಲ್ಲಿ ಸರ್ಕಲ್ ಲೈನ್‌ಗೆ ಬದಲಾವಣೆ. ಎನ್‌ಟಿಯು ಇನ್ನೂ ದೂರ. ಬೂನ್ ಲೇಯಲ್ಲಿ ಇಳಿದು ಮತ್ತೆ ಬಸ್ಸು. ಹೋಗಿಬರಲು ದಿನಕ್ಕೆ ಮೂರು ಗಂಟೆ ಹಿಡಿದರೆ, ಅದು ಬಹುತೇಕ ನಿದ್ರೆಯ ಖಾತೆಯಿಂದಲೇ ಹೋಗುತ್ತದೆ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ರೆ ಬೇಕು. ಮೂರನೆಯ ವರ್ಷದಿಂದ ಆಸ್ಪತ್ರೆಗಳಲ್ಲಿ ಕಲಿಯುವ ವೈದ್ಯಕೀಯ ವಿದ್ಯಾರ್ಥಿಗಳಿಗಂತೂ ಇದು ಸಣ್ಣ ಮಾತಲ್ಲ.

ಬೆಂಗಳೂರು, ಮೈಸೂರಿನಿಂದ ಬಂದವರಿಗೆ ಮರಳಲು ಇಲ್ಲಿ ಮನೆಯೇ ಇಲ್ಲ. ಬಾಡಿಗೆಗೂ ನಿಯಮವಿದೆ: ಎಚ್‌ಡಿಬಿ ಮನೆಯಲ್ಲಿ ಕನಿಷ್ಠ 6 ತಿಂಗಳು, ಖಾಸಗಿ ಮನೆಯಲ್ಲಿ 3 ತಿಂಗಳು. ಒಂದು ಸೆಮಿಸ್ಟರ್ ಆರು ತಿಂಗಳು ತುಂಬುವುದಿಲ್ಲ. ಆದ್ದರಿಂದ ಮೂರನೆಯ ವರ್ಷದಲ್ಲಿ ಒಂದು ಸೆಮಿಸ್ಟರ್ ವಿದೇಶದಲ್ಲಿ ಓದಿ ಜನವರಿಯಲ್ಲಿ ಮರಳುವವರಿಗೆ ಪೇಚಾಟ ಹೆಚ್ಚು. ಕಡಿಮೆ ಅವಧಿಗೆ ಬಾಯಿಮಾತಿನಲ್ಲಿ ಎಚ್‌ಡಿಬಿ ಕೋಣೆ ಕೊಡುತ್ತೇವೆನ್ನುವವರನ್ನು ನಂಬಬಾರದು; ಮಾಲೀಕರು ಎಚ್‌ಡಿಬಿ ಅನುಮತಿ ಪಡೆದಿದ್ದಾರೆಯೇ ಎಂದು ಮೊದಲು ಕೇಳಬೇಕು.

ಹೆತ್ತವರು ಮೊದಲ ವರ್ಷದಲ್ಲೇ ಮೂರು ಪ್ರಶ್ನೆ ಕೇಳಲಿ: ಈ ವಸತಿ ಎಷ್ಟು ವರ್ಷಕ್ಕೆ? ಮುಂದುವರಿಯಲು ಯಾವ ಅಂಕ ಬೇಕು? ಸಿಗದಿದ್ದರೆ ಯಾರ ಜೊತೆ ಸೇರಿ ಮನೆ ಹಿಡಿಯುವುದು? ಮಕ್ಕಳು ಒಂದೆರಡು ಚಟುವಟಿಕೆಗಳನ್ನು ಇಷ್ಟಪಟ್ಟು ಆರಿಸಿಕೊಳ್ಳಲಿ. ಹಾಸಿಗೆಗಾಗಿ ಐದಾರನ್ನು ಹೊತ್ತುಕೊಂಡರೆ ಆ ಹಾಸಿಗೆಯಲ್ಲಿ ಮಲಗಲೂ ಬಿಡುವಿರುವುದಿಲ್ಲ. ಕೋಣೆ ಖಾಲಿಯಿರುವ ಸದಸ್ಯರು ನಿಯಮಬದ್ಧವಾಗಿ ಅದನ್ನು ನಮ್ಮ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟರೆ, ವಾರಾನ್ನದ ಪರಂಪರೆ ಈ ಊರಲ್ಲೂ ಮುಂದುವರಿದಂತೆ.